ಎಕ್ಸ್‌ಕ್ಲೂಸಿವ್ ಗೇಮ್ ನೋಡಿ ಕನ್ಸೋಲ್ ತಗೊಳ್ಳೋರು ಎಷ್ಟು ಜನ?

ಎಕ್ಸ್‌ಕ್ಲೂಸಿವ್ ಅಂದರೆ ಒಂದೇ ಕಂಪನಿಯ ಕನ್ಸೋಲ್‌ಗೆ, ಅಂದರೆ ಗೇಮ್ ಆಡೋ ಬಾಕ್ಸ್‌ಗೆ, ಮಾತ್ರ ಬರೋ ಗೇಮ್. ಅದನ್ನು ನೋಡಿಯೇ ಜನ ಬಾಕ್ಸ್ ತಗೊಳ್ಳುತ್ತಾರೆ ಅಂತ ಕಂಪನಿಗಳ ಮಾತು. ಗಾಂಧಿನಗರದ ನಮ್ಮ ಅಂಗಡಿಗೆ ಶನಿವಾರ ಸಂಜೆ ಅಪ್ಪ-ಮಗ ಜೋಡಿಗಳು ಜಾಸ್ತಿ. ಅಪ್ಪ ರೇಟ್ ಕೇಳುತ್ತಾರೆ, ಮಗ ಗೇಮ್ ಕೇಳುತ್ತಾನೆ. ಅವನು ಕೇಳೋದು ಒಂದೋ ಜಿಟಿಎ, ಇಲ್ಲಾ ಫುಟ್‌ಬಾಲ್ ಗೇಮ್ ಫಿಫಾ. 2023ರಲ್ಲೇ ಅದರ ಹೆಸರು ಎಫ್‌ಸಿ ಅಂತ ಬದಲಾಗಿದೆ, ಆದರೂ ಕೇಳೋರೆಲ್ಲ ಫಿಫಾ ಅಂತಲೇ ಕೇಳುತ್ತಾರೆ, ಇರಲಿ. ಎರಡೂ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನಲ್ಲೂ ಸಿಗುತ್ತವೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರಲ್ಲಿ ಇಲ್ಲಿಗೆ ಬಂದಾಗ 34,990 ರೂಪಾಯಿ, ಕೆಲವೇ ತಿಂಗಳ ಮೇಲೆ ಬಂದ, ಡಿಸ್ಕ್ ಹಾಕುವ ಸೋನಿ ಪಿಎಸ್5 (ಪ್ಲೇಸ್ಟೇಷನ್ 5) 49,990. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೂ ಹುಡುಗನ ಉತ್ತರ ಒಂದೇ: "ಇಲ್ಲ ಅಂಕಲ್, ನನ್ನ ಫ್ರೆಂಡ್ಸೆಲ್ಲ ಪಿಎಸ್‌ನಲ್ಲೇ ಆಡೋದು."

ಅವನು ಹೇಳೋದು ಸರಿ. ಜಿಟಿಎ ಆನ್‌ಲೈನ್‌ನಲ್ಲಿ ಪಿಎಸ್‌ನವನೂ ಎಕ್ಸ್‌ಬಾಕ್ಸ್‌ನವನೂ ಒಟ್ಟಿಗೆ ಆಡೋಕಾಗಲ್ಲ. ಜೊತೆಗೆ ಡಿಸ್ಕ್ ಲೆಕ್ಕಾಚಾರ ಬೇರೆ. ಹೊಸ ಗೇಮ್ 4,999 ರೂಪಾಯಿ ಇರುವಾಗ ಗೆಳೆಯನ ಹತ್ತಿರ ಇಸ್ಕೊಂಡು ಆಡೋದು, ಆಡಿ ಮುಗಿಸಿದ್ದನ್ನು ಎಕ್ಸ್‌ಚೇಂಜ್ ಮಾಡೋದು, ಇವೆಲ್ಲ ಒಂದೇ ಥರದ ಬಾಕ್ಸ್ ಇದ್ದರೆ ಮಾತ್ರ ನಡೆಯುತ್ತೆ, ಅಲ್ವಾ?

ಹಾಗಾದರೆ ಎಕ್ಸ್‌ಕ್ಲೂಸಿವ್‌ಗೆ ಬೆಲೆಯೇ ಇಲ್ವಾ? ಇದೆ, ಆದರೆ ಕಂಪನಿಗಳು ಹೇಳಿಕೊಳ್ಳುವಷ್ಟಲ್ಲ. ನಮ್ಮ ಸೆಕೆಂಡ್‌ಹ್ಯಾಂಡ್ ರ್‍ಯಾಕ್ ನೋಡಿ. ಸೋನಿಯ ಎಕ್ಸ್‌ಕ್ಲೂಸಿವ್‌ಗಳಾದ ಗಾಡ್ ಆಫ್ ವಾರ್, ಸ್ಪೈಡರ್‌ಮ್ಯಾನ್ ಡಿಸ್ಕ್‌ಗಳು ಬಿಡುಗಡೆಯಾದ ಎರಡು-ಮೂರು ವಾರಕ್ಕೇ ವಾಪಸ್ ಬರೋಕೆ ಶುರು. ಕಥೆ ಮುಗೀತು, ಕೊಟ್ಟರು. ಫುಟ್‌ಬಾಲ್ ಡಿಸ್ಕ್ ಮಾತ್ರ ಮುಂದಿನ ವರ್ಷದ್ದು ಬರೋವರೆಗೂ ಅವರ ಮನೆ ಬಿಟ್ಟು ಕದಲಲ್ಲ. ಜನ ಪೋಸ್ಟರ್ ನೋಡಿ ಆಸೆಪಡೋ ಗೇಮ್ ಒಂದು, ವರ್ಷವಿಡೀ ಆಡೋದು ಇನ್ನೊಂದು.

2013ನೇ ಇಸವಿ ನೆನಪಿಸಿಕೊಳ್ಳಿ. ಹೊಸದಾಗಿ ಬಂದ ಪಿಎಸ್4ಗೆ 399 ಡಾಲರ್, ಎಕ್ಸ್‌ಬಾಕ್ಸ್ ಒನ್‌ಗೆ 499, ಅದೂ ಬೇಕೋ ಬೇಡವೋ ಕೈನೆಕ್ಟ್ ಕ್ಯಾಮೆರಾ ಜೊತೆಗೆ ತಗೊಳ್ಳಲೇಬೇಕು. ಪಿಎಸ್4ಗೆ ಹೆಸರು ತಂದ ಬ್ಲಡ್‌ಬೋರ್ನ್ ಬಂದಿದ್ದು 2015ರಲ್ಲಿ, ಅನ್‌ಚಾರ್ಟೆಡ್ 4 ಬಂದಿದ್ದು 2016ರಲ್ಲಿ, ಗಾಡ್ ಆಫ್ ವಾರ್ 2018ರಲ್ಲಿ. ಅಷ್ಟೊತ್ತಿಗೆ ಸೋನಿ ಎಷ್ಟೋ ಮುಂದೆ ಹೋಗಿಯಾಗಿತ್ತು. ಮೊದಲ ದಿನ ಜೊತೆಗೆ ಬಂದ ಎಕ್ಸ್‌ಕ್ಲೂಸಿವ್‌ಗಳಲ್ಲಿ ಒಂದು ನ್ಯಾಕ್. ಈಗ ಯಾರಾದರೂ ನ್ಯಾಕ್ ಕೇಳ್ಕೊಂಡು ಬಂದರೆ ನಾನೇ ಕಾಫಿ ಕೊಡಿಸ್ತೀನಿ.

ಇನ್ನೂ ಚೆನ್ನಾಗಿ ಅರ್ಥವಾಗಬೇಕಂದರೆ ನಿಂಟೆಂಡೋ ಕಥೆ ಕೇಳಬೇಕು. ಅವರ ಮಾರಿಯೋ ಕಾರ್ಟ್ 8 ಗೇಮ್ ಮೊದಲು ಬಂದಿದ್ದು 2014ರಲ್ಲಿ, ಅವರದೇ ವೀ ಯು ಕನ್ಸೋಲ್‌ಗೆ. ಒಳ್ಳೇ ಗೇಮ್, ಬೇರೆಲ್ಲೂ ಸಿಗಲ್ಲ, ಆದರೂ ವೀ ಯು ಒಟ್ಟು ಮಾರಾಟವಾಗಿದ್ದು ಸುಮಾರು 1.36 ಕೋಟಿ ಅಷ್ಟೇ. ಹೆಸರು ನೋಡಿದವರಿಗೆ ಅದು ಹೊಸ ಕನ್ಸೋಲೋ, ಅವರ ಹಳೇ ಕನ್ಸೋಲ್ ವೀಗೆ ಹಾಕೋ ಬಿಡಿಭಾಗವೋ ಅನ್ನೋದೇ ಗೊತ್ತಾಗಲಿಲ್ಲ. ಅದೇ ಗೇಮನ್ನು ಸ್ವಲ್ಪ ತಿದ್ದಿ 2017ರಲ್ಲಿ ಹೊಸ ಕನ್ಸೋಲ್ ಸ್ವಿಚ್‌ಗೆ ತಂದರು. ಆರು ಕೋಟಿಗೂ ಜಾಸ್ತಿ ಪ್ರತಿ ಹೋಯಿತು, ಸ್ವಿಚ್ 15 ಕೋಟಿ ದಾಟಿತು. ಗೇಮ್ ಅದೇ, ಬದಲಾಗಿದ್ದು ಬಾಕ್ಸ್. ಟಿವಿಗೂ ಹಾಕಬಹುದು, ಬಸ್ಸಲ್ಲೂ ಕೈಯಲ್ಲಿ ಹಿಡಿದು ಆಡಬಹುದು.

ಎಕ್ಸ್‌ಕ್ಲೂಸಿವ್ ನಿಜವಾಗಿ ಕೆಲಸ ಮಾಡೋದು ಮೊದಲ ತಿಂಗಳಲ್ಲಿ. ಸ್ವಿಚ್ ಬಂದ 2017ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಸ್ವಿಚ್‌ಗಿಂತ ಅದರ ಜೆಲ್ಡಾ ಗೇಮೇ ಜಾಸ್ತಿ ಮಾರಾಟವಾಗಿತ್ತು. ಆಮೇಲೆ ಬರೋ ಕೋಟಿಗಟ್ಟಲೆ ಜನಕ್ಕೆ ಬೆಲೆ ಮುಖ್ಯ, ಗೆಳೆಯರು ಮುಖ್ಯ. ಕಂಪನಿಗಳಿಗೂ ಇದು ತಿಳಿದ ಹಾಗಿದೆ. ಸೋನಿ ತನ್ನ ಎಷ್ಟೋ ಗೇಮ್‌ಗಳನ್ನು ಪಿಸಿಗೂ ಬಿಟ್ಟಿದೆ, ಮೈಕ್ರೋಸಾಫ್ಟ್ 2025ರಲ್ಲಿ ಫೋರ್ಜಾ ಹೊರೈಜನ್ 5 ಅನ್ನು ಪಿಎಸ್5ಗೇ ಕೊಟ್ಟಿತು.

ನಮ್ಮಲ್ಲಿ ಗೇಮ್‌ಗೋಸ್ಕರವೇ ಬಾಕ್ಸ್ ತಗೊಳ್ಳೋರು ಅಂದರೆ ಮಾರಿಯೋ, ಜೆಲ್ಡಾ, ಪೋಕೆಮಾನ್ ಹಿಂದೆ ಬಿದ್ದವರು. ಸ್ವಿಚ್ ಅನ್ನು ನಿಂಟೆಂಡೋ ಭಾರತದಲ್ಲಿ ಅಧಿಕೃತವಾಗಿ ಮಾರಿಲ್ಲ, ಇಲ್ಲಿ ಸಿಗೋದೆಲ್ಲ ಹೊರಗಿಂದ ತರಿಸಿದ್ದು. ಕಂಪನಿ ವಾರಂಟಿ ಸಿಗಲ್ಲ ಅಂತ ಮೊದಲೇ ಹೇಳುತ್ತೇನೆ, ಬಿಲ್ ಮೇಲೂ ಬರೆಯುತ್ತೇನೆ. ಅವರು ತಲೆ ಆಡಿಸಿ, ಯಾವ ಬಣ್ಣದ್ದಿದೆ ಅಂತ ಕೇಳುತ್ತಾರೆ.