ವಪೆಯ ತಕರಾರು

ಕುರ್ಚಿಯಲ್ಲಿ ಕುಳಿತು, ಗಡಿಯಾರ ನೋಡುತ್ತ ಉಸಿರು ಕಟ್ಟಿ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗ ತಾನಾಗಿಯೇ ಜಗ್ಗುತ್ತದೆ, ಸದ್ದಿಲ್ಲದ ಬಿಕ್ಕಳಿಕೆಯ ಹಾಗೆ. ಆಮ್ಲಜನಕ ಮುಗಿಯಿತೆಂದು ಗಾಬರಿಯಾಗುತ್ತೀರಿ. ಅದಿನ್ನೂ ಬೇಕಾದಷ್ಟಿದೆ. ಏರಿರುವುದು ಇಂಗಾಲದ ಡೈಆಕ್ಸೈಡ್, ಜಗ್ಗಿದ್ದು ವಪೆ, ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು.

2009ರಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸುದ್ 11 ನಿಮಿಷ 35 ಸೆಕೆಂಡು ಉಸಿರು ಹಿಡಿದದ್ದನ್ನು ಕೇಳಿದವರೆಲ್ಲ ಶ್ವಾಸಕೋಶದ ಗಾತ್ರವನ್ನೇ ಹೊಗಳುತ್ತಾರೆ. ಉಸಿರೆಳೆಯುವಾಗ ತಡೆಯೊಡ್ಡುವ ಸ್ಪ್ರಿಂಗ್ ಕವಾಟದ ವ್ಯಾಯಾಮ ಸಾಧನ ಮಾರುವವರಿಗೂ ಅದೇ ಬಂಡವಾಳ: ದಿನಕ್ಕೆರಡು ಸಲ, ಮೂವತ್ತು ಬಾರಿ ಬಿಗಿಯಾಗಿ ಎಳೆಯಿರಿ, ಶ್ವಾಸಕೋಶ ಹಿಗ್ಗುತ್ತದೆ! ಶ್ವಾಸಕೋಶವೇನು ತೋಳೇ? ಅದು ಕಮ್ಮಾರನ ತಿದಿ. ಒತ್ತುವ ಕೈ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳದು. ಗಟ್ಟಿಯಾಗುವುದೂ ಆ ಕೈಯೇ.

ಆ ಕೈಗೂ ಉಸಿರು ಕಟ್ಟುವುದಕ್ಕೂ ಏನು ಸಂಬಂಧ? 1954ರಲ್ಲಿ ಅಮೆರಿಕದ ಶರೀರವಿಜ್ಞಾನಿ ವಾರ್ಡ್ ಫೌಲರ್ ಒಂದು ಚಂದದ ಪ್ರಯೋಗ ಮಾಡಿದರು. ಇನ್ನು ತಡೆಯಲಾರೆ ಎನ್ನುವವರೆಗೆ ಉಸಿರು ಹಿಡಿದವರಿಗೆ ಸುಮಾರು 8% ಆಮ್ಲಜನಕ, 7.5% ಇಂಗಾಲದ ಡೈಆಕ್ಸೈಡ್ ಇದ್ದ ಕೆಟ್ಟ ಗಾಳಿಯನ್ನೇ ಕೆಲವು ಸಲ ಉಸಿರಾಡಲು ಕೊಟ್ಟರು. ರಕ್ತದ ಸ್ಥಿತಿ ಕಿಂಚಿತ್ತೂ ಸುಧಾರಿಸದಿದ್ದರೂ ಅವರು ಮತ್ತೆ ಉಸಿರು ಕಟ್ಟಿದರು! ಆದದ್ದಿಷ್ಟೇ, ಸ್ನಾಯುಗಳು ಅಲುಗಾಡಿದವು. ಹಟ ಹಿಡಿದ ಮಗುವಿಗೆ ಮಿಠಾಯಿ ಕೊಡದೆ, ಎತ್ತಿಕೊಂಡು ಅಂಗಳ ಸುತ್ತಿಸಿದರೆ ಸುಮ್ಮನಾಗುವುದಿಲ್ಲವೇ? ಅಥವಾ ಕಚೇರಿಯಲ್ಲಿ ಅರ್ಜಿಗೆ ‘ಸ್ವೀಕರಿಸಿದೆ’ ಎಂಬ ಮುದ್ರೆ ಬಿದ್ದರೆ, ಕೆಲಸ ಆಗದಿದ್ದರೂ ನಾವು ಮನೆಗೆ ಹೋಗುತ್ತೇವಲ್ಲ, ಹಾಗೆ. ಬಳಿಕ 1960ರ ದಶಕದಲ್ಲಿ, ಎಚ್ಚರವಿದ್ದ ಸ್ವಯಂಸೇವಕರ ಸ್ನಾಯುಗಳನ್ನು ಕ್ಯುರಾರೆ ಜಾತಿಯ ಔಷಧದಿಂದ ನಿಶ್ಚಲಗೊಳಿಸಿದಾಗ ಆ ಸಂಕಟವೇ ಬಹುಪಾಲು ಇಳಿದುಹೋಯಿತು.

ಎಂದರೆ ತಡೆಯಲಾಗದ ಆ ಒತ್ತಡದಲ್ಲಿ ದೊಡ್ಡ ಪಾಲು ವಪೆಯ ತಕರಾರು. ಪಳಗಿದ ಸ್ನಾಯು ತಡವಾಗಿ ದಣಿಯುತ್ತದೆ, ಜಗ್ಗಾಟವನ್ನು ಸಹಿಸಿಕೊಳ್ಳುತ್ತದೆ. ತರಬೇತಿಯ ಲಾಭ ಇಲ್ಲಿಯೇ ಇರಬೇಕೆಂದು ನನ್ನ ಊಹೆ. ಆದರೆ ಆಮ್ಲಜನಕದ ದಾಸ್ತಾನು ಇದರಿಂದ ಬೆಳೆಯದು. ಸ್ನಾಯುಬಲ ಏರುವುದು ಖಚಿತ, ನಿಮಿಷಗಳು ಏರುವುದು ಅಷ್ಟು ಖಚಿತವಲ್ಲ. ಉಸಿರು ಕಟ್ಟಿ ನೀರಿನ ಆಳಕ್ಕಿಳಿಯುವ ಫ್ರೀಡೈವರ್‌ಗಳಿಗೆ ಬಲಕ್ಕಿಂತ ಎದೆಗೂಡಿನ ಬಳುಕು ಮುಖ್ಯ: 30 ಮೀಟರ್‌ನಲ್ಲಿ ಎದೆಯೊಳಗಿನ ಗಾಳಿ ಕಾಲು ಭಾಗಕ್ಕೆ ಕುಗ್ಗಿರುತ್ತದೆ. ಅವರು ನಮ್ಮ ಹಠಯೋಗದ ಉಡ್ಡಿಯಾನ ಬಂಧವನ್ನು, ಅಂದರೆ ಉಸಿರು ಹೊರಬಿಟ್ಟು ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದನ್ನು, ಮಾಡುವುದು ಇದಕ್ಕೇ. ಪವಾಡಕ್ಕಲ್ಲ.

ನನಗೆ ದಿಗಿಲು ಹುಟ್ಟಿಸುವುದು ಇನ್ನೊಂದು ‘ಉಪಾಯ’: ಮುಳುಗುವ ಮೊದಲು ಭಸ್ತ್ರಿಕೆಯಂತೆ ದಬದಬನೆ ಉಸಿರಾಡುವುದು. ಅದರಿಂದ ರಕ್ತಕ್ಕೆ ಹೆಚ್ಚುವರಿ ಆಮ್ಲಜನಕ ಸೇರುವುದು ನಗಣ್ಯ; ಅದು ಮೊದಲೇ ಬಹುತೇಕ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ತೀರಾ ಇಳಿಯುತ್ತದೆ. ಆಗ ವಪೆ ಜಗ್ಗಿ ಎಚ್ಚರಿಸುವ ಮೊದಲೇ ಆಮ್ಲಜನಕ ಸಾಲದೆ, ನೀರಿನೊಳಗೇ ಎಚ್ಚರ ತಪ್ಪಬಹುದು.