ಆರು ದಿನ, ಐದು ಪಂದ್ಯ: ಸೆವಾನಿ ತಂಡದ ಕಥೆ ನಿಜವಾ?

ಪ್ರಶ್ನೆ: 1899ರಲ್ಲಿ ಅಮೆರಿಕದ ಸಣ್ಣ ಕಾಲೇಜೊಂದು ಆರೇ ದಿನದಲ್ಲಿ ಐದು ಫುಟ್‌ಬಾಲ್ ಪಂದ್ಯ ಆಡಿ, ಎದುರಾಳಿಗಳಿಗೆ ಒಂದೂ ಪಾಯಿಂಟ್ ಕೊಡದೆ ಗೆದ್ದಿತ್ತಂತೆ. ನಿಜವಾ, ಇಲ್ಲ ಕಟ್ಟುಕಥೆಯಾ?

ನಿಜ. ಟೆನೆಸಿ ರಾಜ್ಯದ ಗುಡ್ಡದ ಮೇಲಿನ ಸೆವಾನಿ ಅನ್ನೋ ಊರಿನ ತಂಡ ಅದು. ಆಟ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಅವುಚಿಕೊಂಡು ನುಗ್ಗುವ ಆಟ.

ನವೆಂಬರ್ 9, ಗುರುವಾರ. ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ 12-0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಅನ್ನೋ ಬೇರೆ ಕಾಲೇಜಿನ ವಿರುದ್ಧ 10-0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23-0. ಭಾನುವಾರ ಆಟವಿಲ್ಲ, ಚರ್ಚಿನವರ ಕಾಲೇಜು ಅಲ್ವಾ! ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಮೇಲೆ 34-0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯದ ಮೇಲೆ 12-0.

ಇಷ್ಟು ಅವಸರ ಯಾಕೆ? ದುಡ್ಡಿಗೋಸ್ಕರ. ಟಿಕೆಟ್ ಹಣದ ಪಾಲಿನ ವಿಷಯದಲ್ಲಿ ಟೆನೆಸಿಯದ್ದೇ ಆದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಜಗಳವಾಗಿ, ಆ ವರ್ಷ ಅವರೊಂದಿಗಿನ ಪಂದ್ಯವೇ ತಪ್ಪಿಹೋಗಿತ್ತು. ಅದೇ ದೊಡ್ಡ ಕಲೆಕ್ಷನ್ ತರುವ ಪಂದ್ಯ. ಆ ಖೋತಾ ತುಂಬಿಸಲು ತಂಡದ ಮ್ಯಾನೇಜರ್ ಲ್ಯೂಕ್ ಲೀ ಈ ಪ್ರವಾಸ ಹೊಂದಿಸಿದ. ಅವನೂ ವಿದ್ಯಾರ್ಥಿಯೇ. ಹೋಗಿ ಬರಲು ರೈಲಿನಲ್ಲಿ ಸುಮಾರು 4,000 ಕಿಲೋಮೀಟರ್. ಆಟಗಾರರು 21 ಜನ. ಹೊರಗಿನ ನೀರು ಕುಡಿದು ಹೊಟ್ಟೆ ಕೆಡಬಾರದು ಅಂತ ಊರಿನ ಚಿಲುಮೆ ನೀರನ್ನೇ ಪೀಪಾಯಿಗಳಲ್ಲಿ ತುಂಬಿ ಹೊರಟಿದ್ದರು. ನೀರು ಮರೆಯಲಿಲ್ಲ, ಆಟದ ಶೂಗಳನ್ನೇ ಊರಿನ ಸ್ಟೇಷನ್ನಿನಲ್ಲಿ ಬಿಟ್ಟು ಹೋಗಿ ಹಿಂದಿನಿಂದ ತರಿಸಿಕೊಂಡರು ಅಂತ ಹೇಳುತ್ತಾರೆ.

ಆಗ ದಾಳಿಗೊಂದು, ರಕ್ಷಣೆಗೊಂದು ಅಂತ ಬೇರೆ ಬೇರೆ ತಂಡ ಇರಲಿಲ್ಲ. ಅದೇ ಹನ್ನೊಂದು ಜನ ಎರಡೂ ಮಾಡಬೇಕು. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗೂ ಇಲ್ಲ, ಆ ನಿಯಮ ಬಂದದ್ದು 1906ರಲ್ಲಿ. ಹಾಗಾಗಿ ಆಟವೆಲ್ಲ ಮೈಗೆ ಮೈ ಡಿಕ್ಕಿ. ಮೂರು ಯತ್ನದಲ್ಲಿ ಐದು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಟೆಕ್ಸಸ್ ಪಂದ್ಯದಲ್ಲಿ ನಾಯಕ ಹೆನ್ರಿ ಸೀಬೆಲ್ಸ್ ತಲೆಗೆ ಗಾಯವಾಗಿತ್ತು. ಪಟ್ಟಿ ಹಾಕಿಸಿಕೊಂಡು ಆಡಿದ.

ಹಾಗಂತ ಇವತ್ತಿನ ಬಲಿಷ್ಠ ಟೆಕ್ಸಸ್, ಎಲ್‌ಎಸ್‌ಯು ತಂಡಗಳನ್ನು ನೆನೆಸಿಕೊಂಡು ಬೆರಗಾಗಬೇಡಿ. ಸೋತ ಐದರಲ್ಲಿ ನಾಲ್ಕು ಕಾಲೇಜುಗಳು ಈ ಆಟ ಶುರು ಮಾಡಿದ್ದೇ 1893ರಲ್ಲಿ. ಆಗಿನ್ನೂ ಅಷ್ಟೇನೂ ಪಳಗಿರಲಿಲ್ಲ. ನನ್ನನ್ನು ಕೇಳಿದರೆ ಆ ಸೀಸನ್ನಿನ ನಿಜವಾದ ಪರೀಕ್ಷೆ ನಡೆದದ್ದು ಪ್ರವಾಸ ಮುಗಿದ ಮೇಲೆ, ನವೆಂಬರ್ 30ರಂದು ಮಾಂಟ್‌ಗೋಮರಿಯಲ್ಲಿ. ಎದುರಾಳಿ ಅಲಬಾಮಾ ರಾಜ್ಯದ ಆಬರ್ನ್ ಕಾಲೇಜು. ಅದರ ಕೋಚ್ ಜಾನ್ ಹೈಸ್ಮನ್, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಇವತ್ತು ಕೊಡುವ ಹೈಸ್ಮನ್ ಟ್ರೋಫಿಗೆ ಹೆಸರು ಕೊಟ್ಟವನು. ಸೆವಾನಿ ಗೆದ್ದದ್ದು 11-10ರಲ್ಲಿ, ಒಂದೇ ಪಾಯಿಂಟಿನಿಂದ. ಎರಡೇ ದಿನಕ್ಕೆ ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾವನ್ನೂ 5-0ಯಿಂದ ಸೋಲಿಸಿ ಸೀಸನ್ ಮುಗಿಸಿತು. ಆಡಿದ 12ನ್ನೂ ಗೆದ್ದ ತಂಡ ಗಳಿಸಿದ್ದು 322 ಪಾಯಿಂಟ್, ಕೊಟ್ಟಿದ್ದು 10. ಆ ಹತ್ತೂ ಆಬರ್ನ್‌ನವರದ್ದೇ.