ಹೆಲ್ಮೆಟ್ ಕಳಚಿದರೆ ಗಗನಯಾತ್ರಿ ಹೆಪ್ಪುಗಟ್ಟುತ್ತಾನೆಯೇ, ಸಿಡಿಯುತ್ತಾನೆಯೇ?

ಪ್ರಶ್ನೆ: ಬಾಹ್ಯಾಕಾಶದ ಸಿನಿಮಾಗಳಲ್ಲಿ ಹೆಲ್ಮೆಟ್ ಕಳಚಿದವನು ಒಮ್ಮೆ ಕ್ಷಣಾರ್ಧದಲ್ಲಿ ಮಂಜುಗಡ್ಡೆಯಾಗುತ್ತಾನೆ, ಇನ್ನೊಮ್ಮೆ ಊದಿ ಸಿಡಿಯುತ್ತಾನೆ. ಯಾವುದು ನಿಜ?

ಉತ್ತರ: ಎರಡೂ ಅಲ್ಲ. ಎಲ್ಲಕ್ಕಿಂತ ಮೊದಲು ಎಚ್ಚರ ತಪ್ಪುತ್ತದೆ.

ಚಳಿಯ ವಿಷಯ ಮೊದಲು ನೋಡೋಣ. ನಿರ್ವಾತದಲ್ಲಿ ಮೈಯ ಬಿಸಿಯನ್ನು ಹೊತ್ತೊಯ್ಯಲು ಗಾಳಿ ಇಲ್ಲ. ಫ್ಲಾಸ್ಕಿನ ಕಾಫಿ ಆರದಿರುವುದೂ ಇದೇ ಕಾರಣಕ್ಕೆ. ಉಳಿಯುವ ಮುಖ್ಯ ದಾರಿ ವಿಕಿರಣ. 33 ಡಿಗ್ರಿ ಸೆಲ್ಸಿಯಸ್‌ನ, ಸುಮಾರು 1.8 ಚದರ ಮೀಟರ್ ಚರ್ಮದಿಂದ ಹೊರಹೋಗುವುದು ಹೆಚ್ಚೆಂದರೆ 900 ವಾಟ್. ಈ ದರದಲ್ಲಿ 70 ಕೆಜಿ ದೇಹದ ಉಷ್ಣತೆ ಒಂದು ಡಿಗ್ರಿ ಇಳಿಯಲು ನಾಲ್ಕೈದು ನಿಮಿಷ ಬೇಕು. ಕಣ್ಣು, ಬಾಯಿ, ಮೂಗಿನ ತೇವ ಮಾತ್ರ ಬೇಗ ಆವಿಯಾಗಿ ಆ ಜಾಗಗಳು ತಣ್ಣಗಾಗುತ್ತವೆ. ಸಿನಿಮಾದವರ ಮಂಜು ಅಷ್ಟರಮಟ್ಟಿಗೆ ಸರಿ.

ಸಿಡಿಯುವುದೂ ಇಲ್ಲ. ಸುಮಾರು 19 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ಪಾದರಸದ 47 ಮಿ.ಮೀ.ಗೆ ಇಳಿದು, ಮೈಯ ಉಷ್ಣತೆಯಲ್ಲೇ ನೀರು ಕುದಿಯುತ್ತದೆ. ಅಂಗಾಂಶಗಳಲ್ಲಿ ಆವಿ ತುಂಬಿ ಮೈ ಊದಿಕೊಳ್ಳುತ್ತದೆ, ಆದರೆ ಚರ್ಮ ಗಟ್ಟಿ. 1960ರ ಆಗಸ್ಟ್‌ನಲ್ಲಿ ಅಮೆರಿಕದ ವಾಯುಪಡೆಯ ಜೋಸೆಫ್ ಕಿಟಿಂಜರ್ ಬಲೂನಿನಲ್ಲಿ 31 ಕಿ.ಮೀ. ಮೇಲೇರಿದಾಗ ಬಲಗೈ ಗವಸಿನಲ್ಲಿ ಒತ್ತಡ ನಿಲ್ಲಲಿಲ್ಲ. ಕೈ ಎರಡರಷ್ಟು ಊದಿ ನಿಷ್ಪ್ರಯೋಜಕವಾಯಿತು. ನೆಲಕ್ಕಿಳಿದ ಕೆಲ ಗಂಟೆಗಳಲ್ಲಿ ಮೊದಲಿನಂತಾಯಿತು.

ಕೊಲ್ಲುವುದು ಆಮ್ಲಜನಕದ ಕೊರತೆ, ಅದೂ ಉಸಿರುಗಟ್ಟಿದಾಗಿನಂತೆ ನಿಧಾನವಾಗಿ ಅಲ್ಲ. ಶ್ವಾಸಕೋಶದ ಹೊರಗೆ ನಿರ್ವಾತವಿದ್ದರೆ ಆಮ್ಲಜನಕ ರಕ್ತದಿಂದಲೇ ಹಿಮ್ಮುಖವಾಗಿ ಹೊರಹರಿಯುತ್ತದೆ. ಆ ಬರಿದಾದ ರಕ್ತ ಮಿದುಳು ಮುಟ್ಟಲು ಹತ್ತು ಹದಿನೈದು ಸೆಕೆಂಡು ಸಾಕು. 1966ರಲ್ಲಿ ಹ್ಯೂಸ್ಟನ್‌ನ ನಾಸಾ ಕೇಂದ್ರದ ನಿರ್ವಾತ ಕೊಠಡಿಯಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರ ಸೂಟಿನ ಕೊಳವೆ ಕಳಚಿಕೊಂಡಾಗ ಅವರು ಸುಮಾರು 14 ಸೆಕೆಂಡಿಗೆ ಕುಸಿದರು. ನಾಲಿಗೆಯ ಮೇಲೆ ಎಂಜಲು ಗುಳುಗುಳು ಕುದಿಯುತ್ತಿದ್ದುದೇ ಅವರಿಗೆ ಕೊನೆಗೆ ನೆನಪಿದ್ದದ್ದು. ಕೊಠಡಿಗೆ ಕೂಡಲೇ ಗಾಳಿ ತುಂಬಿಸಿದ್ದರಿಂದ ಚೇತರಿಸಿಕೊಂಡರು. ಪ್ರಾಣಿಗಳ ಮೇಲಿನ ಪ್ರಯೋಗಗಳ ಪ್ರಕಾರ ಸುಮಾರು ಒಂದೂವರೆ ನಿಮಿಷದೊಳಗೆ ಒತ್ತಡ ಮರಳಿದರೆ ಬದುಕುವ ಅವಕಾಶವಿದೆ.

ಉಸಿರು ಬಿಗಿಹಿಡಿದರೆ ಅಪಾಯ ಇನ್ನೂ ಹೆಚ್ಚು. ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ, ಗುಳ್ಳೆಗಳು ರಕ್ತಕ್ಕೆ ನುಗ್ಗುತ್ತವೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಗಗನಯಾತ್ರಿಯೊಬ್ಬ ಹೆಲ್ಮೆಟ್ ಇಲ್ಲದೆ ನೌಕೆಯೊಳಗೆ ಜಿಗಿಯುವ ದೃಶ್ಯ ಹೆಚ್ಚೂಕಡಿಮೆ ಸರಿಯಾಗಿದೆ, ಸದ್ದೂ ಇಲ್ಲ. ತಪ್ಪಿರುವುದು ಒಂದೇ ಕಡೆ: ಆತ ಉಸಿರು ಹಿಡಿದುಕೊಂಡಂತೆ ಕಾಣುತ್ತಾನೆ, ಪೂರ್ತಿ ಹೊರಬಿಡಬೇಕಿತ್ತು.

ನಿಜವಾಗಿಯೂ ಬಾಹ್ಯಾಕಾಶದಲ್ಲಿ ಹೀಗೆ ಸತ್ತವರು ಸೋವಿಯತ್ ನೌಕೆ ಸೋಯುಜ್ 11ರ ಮೂವರು ಮಾತ್ರ. 1971ರ ಜೂನ್ 30ರಂದು ನೌಕೆಯ ಭಾಗಗಳು ಬೇರ್ಪಡುವಾಗ, ಭೂಮಿಯ ಹತ್ತಿರ ಬಂದ ಮೇಲೆ ತೆರೆಯಬೇಕಿದ್ದ ಕವಾಟವೊಂದು ಸುಮಾರು 168 ಕಿ.ಮೀ. ಎತ್ತರದಲ್ಲೇ ತೆರೆದುಕೊಂಡಿತು. ಕೈಯಿಂದ ಮುಚ್ಚುವ ಪ್ರಯತ್ನಕ್ಕೆ ಸಮಯ ಸಾಲಲಿಲ್ಲ. ಅವರು ಒತ್ತಡದ ಸೂಟು ತೊಟ್ಟಿರಲಿಲ್ಲ, ಮೂವರು ಕೂರುವ ನೌಕೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಆಸನಗಳನ್ನು ಎರಡಕ್ಕಿಳಿಸಿ ಸೊಕೊಲ್ ಎಂಬ ಒತ್ತಡದ ಸೂಟು ಕಡ್ಡಾಯ ಮಾಡಿದರು. 1984ರಲ್ಲಿ ರಾಕೇಶ್ ಶರ್ಮಾ ಹಾರುವ ಹೊತ್ತಿಗೆ ನೌಕೆ ಸುಧಾರಿಸಿ ಮೂರನೇ ಆಸನ ಮರಳಿತ್ತು. ಅವರು ತೊಟ್ಟದ್ದು ಅದೇ ಸೊಕೊಲ್ ಸೂಟು.